ಒಂದು ಸಾಲು ಕೆಳಗೆ

ಕಾಗೆ ಕೂತಿದೆ, ಬಿಳಿ ಬಟ್ಟೆ ಹೊದ್ದ ಕಲ್ಲಿನ ನೆತ್ತಿಯ ಮೇಲೆಯೇ, ಕೂರಲಿ, ಬಟ್ಟೆ ಸರಿದರೆ ಅದೂ ಬೆಚ್ಚಿಬಿದ್ದೀತು, ವಲೇರಿಯನ್ ಕೆತ್ತಿದ ಅಕ್ಷರಗಳು ಎಷ್ಟು ಆಳವೆಂದರೆ ಕಾಪುವಿನ ದೀಪಸ್ತಂಭದ ಬೆಳಕು ಒಮ್ಮೆ ಕಾರ್ಕಳದ ಅವನ ಕಲ್ಲುಕೆತ್ತನೆಯ ಕೊಟ್ಟಿಗೆಯವರೆಗೆ ಬಂದು ಅವುಗಳೊಳಗೆ ಬಿದ್ದು ಹೊರಬರಲಾರದೆ ಹೋಯಿತು, ಮೂರು ಹಡಗುಗಳು ದಾರಿ ತಪ್ಪಿದವು — ಅವನ ಅಜ್ಜನೋ, ಇದೇ ಇಗರ್ಜಿಯ ಗಂಟೆಗೋಪುರವನ್ನು, ಮುರಕಲ್ಲು, ಸುಣ್ಣ, ಬೆಲ್ಲದ ನೀರು, ಒಂದೇ ಕೈಯಲ್ಲಿ ಕಟ್ಟಿದವನು, ಇನ್ನೊಂದು ಕೈಯಲ್ಲಿ ಬೀಡಿ ಇತ್ತು, ಆ ಗೋಪುರದ ಮೆಟ್ಟಿಲನ್ನೇ ಒಡೆಸಿ ಈ ಕರಿಕಲ್ಲು ನಿಲ್ಲಿಸಿದ್ದಾರೆ, ಎಪ್ಪತ್ತೊಂದರ ಯುದ್ಧದಲ್ಲಿ ಮಡಿದ ಊರವರಿಗಾಗಿ, ಒಡೆಸಿದವನು ಡೆನಿಸ್, ಅಗೋ ಪಾದ್ರಿಗಳ ಪಕ್ಕ ಕೊಡೆ ಊರಿಕೊಂಡು, ಊರಿಗೆಲ್ಲ ಒಡೆಯ, ಧನಿ, ಈಗ ಕಲ್ಲಿನ ಮೇಲೆ ದಾನಿಯೂ ಆಗಬೇಕಂತೆ. ವಲೇರಿಯನ್ನನ ತಮ್ಮ ವಿಲ್ಫ್ರೆಡನ ಹೆಸರು ಮಾತ್ರ ಬೇಡವಂತೆ, ಅವನು ಗಡಿಯ ಡೇರೆಯಲ್ಲಿ ಕಾಮಾಲೆಯಾಗಿ ಸತ್ತವನು, ಕಲ್ಲು ಇರುವುದು ಗುಂಡು ತಾಗಿದವರಿಗೆ, ವಲೇರಿಯನ್, ಕಣ್ಣು ಹಳದಿಯಾದವರಿಗೆಲ್ಲ ಕಲ್ಲು ನಿಲ್ಲಿಸಿದರೆ ಧರ್ಮಾಸ್ಪತ್ರೆಯೇ ಯುದ್ಧಭೂಮಿ ಆದೀತು, ಅಲ್ವಾ? ಎಂದಿದ್ದ ಡೆನಿಸ್, ಇಗರ್ಜಿಯ ಸಭೆ ನಕ್ಕಿತ್ತು, ಹಿಂದಿನ ಬೆಂಚಿನಲ್ಲಿ ವಿಲ್ಫ್ರೆಡನ ಹೆಂಡತಿ ಗ್ಲ್ಯಾಡಿಸ್, ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು, ಆ ನಗು ಇವತ್ತಿಗೂ ವಲೇರಿಯನ್ನನ ಹಲ್ಲಿನ ಸಂದಿಯಲ್ಲಿ ಮರಳಿನ ಹಾಗೆ, ಅಗಿಯುವ ತುತ್ತು ತುತ್ತಿಗೂ ಕರಕರ —

ನಗಿ, ಇನ್ನೊಂದು ಗಳಿಗೆ ನಗಿ, ಬಟ್ಟೆಯ ಅಡಿಯಲ್ಲಿ ಎಂತ ಉಂಟು ಎಂದು ಹಿರಿಯಡ್ಕದ ಜಮಾಲನ ಚಹಾದಂಗಡಿಗೆಲ್ಲ ಗೊತ್ತು, ಇವನೇ ಹೇಳಿದ್ದಾನೆ, ಡೆನಿಸ್ ಕೆತ್ತಲು ಹೇಳಿದ್ದು ಮೂವರ ಹೆಸರು, ಅದರಡಿ ಇವರ ಆತ್ಮಗಳಿಗೆ ಚಿರಶಾಂತಿ ದೊರೆಯಲಿ, ಅದರಡಿ ಅವನ ಸ್ವಂತ ಹೆಸರು, ಇವನು ಕೆತ್ತಿದ್ದು ಮೂವರು, ನಾಲ್ಕನೆಯವನು ವಿಲ್ಫ್ರೆಡ್, ಐದನೆಯವನು ಡೆನಿಸ್, ಆಮೇಲೆ ಚಿರಶಾಂತಿ, ಪ್ರಾರ್ಥನೆ ಡೆನಿಸನ ಹೆಸರಿಗಿಂತ ಒಂದು ಸಾಲು ಕೆಳಗೆ ಸರಿಯಿತು ಅಷ್ಟೇ, ಧನಿ ಜೀವಂತ ಮಣ್ಣಿನೊಳಗೆ! ಇನ್ನು ಪ್ರತಿ ನವೆಂಬರಿನಲ್ಲಿ ಸತ್ತವರ ದಿನ ಪಾದ್ರಿಗಳು ಕಲ್ಲು ನೋಡಿ ಹೆಸರು ಓದುತ್ತಾರೆ, ಊರಿನ ಮುದುಕಿ ಬರ್ತಾಬಾಯಿ ಡೆನಿಸನಿಗೂ ಒಂದು ಮೊಂಬತ್ತಿ ಹಚ್ಚುತ್ತಾಳೆ, ಅವನು ಪಕ್ಕದಲ್ಲೇ ನಿಂತು ನೋಡಬೇಕು, ಸಾಯುವವರೆಗೆ ವರ್ಷ ವರ್ಷವೂ ಸಾಯಬೇಕು. ಜಮಾಲ್ ಲೋಟ ತೊಳೆಯುತ್ತಾ ಕೇಳಿದ್ದ, ನಿನ್ನ ಉಳಿಯೂ ಬಾಯಿಯಷ್ಟೇ ಹರಿತ ಉಂಟಾ ಮಾರಾಯ? ಅದಕ್ಕಿಂತ ಹೆಚ್ಚು, ಎಂದಿದ್ದ ಇವನು, ಗ್ಲ್ಯಾಡಿಸಳಿಗೂ ಹೇಳಿದ್ದ, ಬಾ, ಮದುವೆಯ ಸೀರೆ ಉಟ್ಟುಕೊಂಡೇ ಬಾ, ಬಂದಿದ್ದಾಳೆ, ಗಂಟೆ ಹೊಡೆಯಿತು, ಬಟ್ಟೆ ಜಾರಿತು —

ಡೆನಿಸ್ ಕೊಡೆಯ ತುದಿಯಿಂದ ತೋರಿಸುತ್ತಾನೆ, ಮೂವರು, ಚಿರಶಾಂತಿ, ಕೊನೆಗೆ ತನ್ನ ಹೆಸರು, ನೋಡಿ ಪಾದ್ರಿಗಳೇ, ನಮ್ಮ ವಲೇರಿಯನ್ ಕೆಲಸ, ಒಂದು ತಪ್ಪು ಉಂಟಾ ಹೇಳಿ! ಇಲ್ಲ, ಒಂದೂ ಇಲ್ಲ, ಅಕ್ಷರಗಳೆಲ್ಲ ಹೇಳಿದ ಮಾತು ಕೇಳಿದ ಮಕ್ಕಳ ಹಾಗೆ ಸಾಲಾಗಿ ನಿಂತಿವೆ, ಗ್ಲ್ಯಾಡಿಸ್ ಕಲ್ಲಿನ ಹತ್ತಿರ ಹೋಗಿ ವಲೇರಿಯನ್ನನತ್ತ ತಿರುಗುತ್ತಾಳೆ, ಭಾವ, ಇವರದ್ದು ಎಲ್ಲುಂಟು? ಅವನ ಬಾಯಿ ತನ್ನಷ್ಟಕ್ಕೇ ತೆರೆಯುತ್ತದೆ, ಹಿಂಬದಿಯಲ್ಲುಂಟು, ಇದಕ್ಕಿಂತ ದೊಡ್ಡ ಅಕ್ಷರದಲ್ಲಿ, ಎನ್ನುತ್ತದೆ, ಅವಳು ನಂಬಿ ಹಿಂಬದಿಗೂ ಹೋಗಿ ಬರುತ್ತಾಳೆ, ಅಲ್ಲಿಯೂ ಇಲ್ಲವಲ್ಲ ಭಾವ. ಇಲ್ಲ ಗ್ಲ್ಯಾಡಿಸ್, ಕೆತ್ತಲಿಲ್ಲ, ಸೀಮೆಸುಣ್ಣದಲ್ಲಿ ಬರೆದಿದ್ದೆ, ವಿಲ್ಫ್ರೆಡ್ ಅಂತ, ಉಳಿ ಇಡುವಷ್ಟರಲ್ಲಿ ಡೆನಿಸ್ ಧನಿಗಳು ಕೊಟ್ಟಿಗೆಗೆ ಬಂದರು, ನಾನು ಎದ್ದು ನಿಂತೆ, ತಲೆಗೆ ಸುತ್ತಿದ್ದ ಬೈರಾಸು ತೆಗೆದೆ, ಅದರಲ್ಲೇ ಒರೆಸಿಬಿಟ್ಟೆ — ಮೂರನೆಯ ಹೆಸರಿಗೂ ಚಿರಶಾಂತಿಗೂ ನಡುವಿನ ನುಣುಪಿನ ಮೇಲೆ ಅವಳ ಬೆರಳು, ಎಡದಿಂದ ಬಲಕ್ಕೆ, ವಿ, ಲ್ಫ್ರೆ, ಡ್, ಏನೂ ಮೂಡುವುದಿಲ್ಲ, ಬೆರಳು, ಮತ್ತೆ ಎಡದಿಂದ, ವಿ, ಬೆರಳು, ಮತ್ತೆ ವಿ —