ಸಮುದ್ರ ಕೊಡದವನ ಪೆಟ್ಟಿಗೆ

ನಾನು ಒಂದು ಮೇಜು. ಹುಟ್ಟಿದ್ದು ಮಾತ್ರ ಶವಪೆಟ್ಟಿಗೆಯಾಗಿ. ಮಂಗಳೂರಿನ ಹಳೇ ಬಂದರಿನ ಹತ್ತಿರ ಬೊನಿಫಾಸ ಎಂಬ ಬಡಗಿ ಅಂಥ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ದೋಣಿ ಮಗುಚಿ ಕಡಲುಪಾಲಾದ ಗ್ರೆಗರಿಗೆಂದು ಅವನ ಅಣ್ಣ ನನ್ನನ್ನು ಮಾಡಿಸಿದ್ದ. ಹೆಣ ಇಂದಲ್ಲ ನಾಳೆ ದಡಕ್ಕೆ ಬಂದೀತೆಂದು ಎಲ್ಲರೂ ಕಾದರು. ಗೋಡೆಗೆ ಒರಗಿ ನಾನೂ ಕಾದೆ. ಬರಲಿಲ್ಲ. ಬೇರೊಬ್ಬರನ್ನು ನನ್ನೊಳಗೆ ಮಲಗಿಸಲು ಬೊನಿಫಾಸನಿಗೆ ಮನಸ್ಸಾಗಲಿಲ್ಲ.

ಆಗ ಬಂದವರು ನಳಿನಾಕ್ಷಿ, ಹೊಸ ವಕೀಲೆ. ಒಂಟಿ ಹೆಂಗಸಿನ ಆಫೀಸಿಗೆ ಊರಲ್ಲಿ ಯಾರೂ ಜಾಗ ಕೊಟ್ಟಿರಲಿಲ್ಲ. ಬೊನಿಫಾಸ ಅಂಗಡಿಯ ಮುಂಭಾಗ ಬಿಟ್ಟುಕೊಟ್ಟ. ನನ್ನನ್ನು ಬಿಚ್ಚಿ ಅವರಿಗೆ ಮೇಜು ಮಾಡಿದ. ಹಿಂದೆ ಸಾಲಾಗಿ ನಿಂತ ಪೆಟ್ಟಿಗೆಗಳನ್ನು ಕಂಡು ಕಕ್ಷಿದಾರರು ಹೊಸ್ತಿಲಲ್ಲೇ ಹಿಂಜರಿಯುತ್ತಿದ್ದರು. ಒಬ್ಬರೇ ಇದ್ದಾಗ ನಳಿನಾಕ್ಷಿಯೂ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಟ್ಟನೆ ತಿರುಗುತ್ತಿದ್ದರು.

ಒಂದು ದಿನ ಗ್ರೆಗರಿಯ ಹೆಂಡತಿ ಸೆವ್ರಿನ್ ಬಂದಳು.

"ನನ್ನ ಗಂಡ ಕಡಲಿಗೆ ಹೋಗಿ ಏಳು ವರ್ಷ ದಾಟಿತು ಮೇಡಂ. ನನಗೆ ಇನ್ನೊಂದು ಮದುವೆ ಆಗ್ಲಿಕ್ಕುಂಟು. ಅವರು ತೀರಿಹೋಗಿದ್ದಾರೆ ಅಂತ ಕೋರ್ಟು ಹೇಳ್ಬೇಕಂತೆ."

ಗಂಡನ ಹೆಸರು ಹೇಳಿದಾಗ ಹಿಂದೆ ಬೊನಿಫಾಸನ ಗರಗಸ ನಿಂತಿತು.

ಮಗ ಸತ್ತಿಲ್ಲವೆಂದು ಸೆವ್ರಿನ್‌ಳ ಅತ್ತೆ ವಿರೋಧಿಸಿದಳು. ಕೋರ್ಟಿನಲ್ಲಿ ನಡೆದದ್ದನ್ನು ನಳಿನಾಕ್ಷಿ ಆ ಸಂಜೆ ಬೊನಿಫಾಸನಿಗೆ ಹೇಳುವಾಗ ಕೇಳಿಸಿಕೊಂಡೆ.

"'ಮಗ ಬದುಕಿದ್ರೆ ಎಲ್ಲಿದ್ದಾನೆ ಹೇಳಿ ಅಮ್ಮ' ಅಂತ ಕೇಳಿದೆ. 'ನೀವು ಹುಡುಕಿದ್ದೀರಾ ಮಗಳೇ?' ಅಂದ್ರು. ಮುಂದಿನ ಪ್ರಶ್ನೆ ಬಿಟ್ಟು ಕೂತ್ಕೊಂಡೆ."

ನಳಿನಾಕ್ಷಿ ಕೇಸು ಗೆದ್ದರು. ತೀರ್ಪಿನ ಪ್ರತಿ ಒಯ್ಯಲು ಬಂದ ಸೆವ್ರಿನ್ ನನ್ನ ಮೇಲೆ ಕೈಯೂರಿ ಕೂತೇ ಇದ್ದಳು.

"ಈಗ ನಾನೇ ಅವರನ್ನು ಕೊಂದ ಹಾಗಾಯ್ತಾ ಮೇಡಂ?"

ಬೊನಿಫಾಸ ಕೈಯ ಮರದಪುಡಿ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ಈ ಮೇಜು ಉಂಟಲ್ಲ ಸೆವ್ರಿನ್ ಬಾಯಿ, ಗ್ರೆಗರಿಗೆ ಅಂತ ಮಾಡಿದ ಪೆಟ್ಟಿಗೆಯ ಹಲಗೆ."

ಸೆವ್ರಿನ್ ಕೈ ಹಿಂದೆಗೆಯಲಿಲ್ಲ. ಮೆಲ್ಲನೆ ಬಾಗಿ ನನ್ನ ಮೇಲೆ ಕೆನ್ನೆಯಿಟ್ಟಳು. ಅಷ್ಟು ವರ್ಷ ಅಳದೆ ಉಳಿದದ್ದನ್ನೆಲ್ಲ ಅಂದು ಅತ್ತಳು. ಒಂದು ಮೈಯ ಭಾರ ನಾನು ಹೊತ್ತದ್ದು ಅದೇ ಮೊದಲು.

ಅವಳ ಮದುವೆಯಾಯಿತು. ಬೊನಿಫಾಸ ತೀರಿಕೊಂಡ. ನಳಿನಾಕ್ಷಿ ದೊಡ್ಡ ಆಫೀಸು ಮಾಡಿದಾಗಲೂ ನನ್ನನ್ನು ಬಿಡಲಿಲ್ಲ. ಈಗ ಇಬ್ಬರಿಗೂ ವಯಸ್ಸಾಗಿದೆ. ಅವರ ಮನೆಯ ಮೂಲೆಯಲ್ಲಿದ್ದೇನೆ. ಗ್ರೆಗರಿಯ ವಯಸ್ಸಿನ, ಗಡ್ಡ ಬಿಟ್ಟ ಅಪರಿಚಿತನೊಬ್ಬ ಗೇಟಿನ ಬಳಿ ನಿಂತು ಮನೆಯತ್ತ ನೋಡಿದರೆ ನಳಿನಾಕ್ಷಿಯ ಬೆರಳುಗಳು ನನ್ನ ಅಂಚನ್ನು ಬಿಗಿಯಾಗಿ ಹಿಡಿಯುತ್ತವೆ. ಅವನು ವಿಳಾಸ ಕೇಳಿ ಹೊರಟುಹೋಗುವವರೆಗೂ ಸಡಿಲವಾಗುವುದಿಲ್ಲ.