ನನ್ನ ಹೆಸರಿನ ಫೈಲು

"ಈ ಹೆಸರಲ್ಲಿ ಯಾರೂ ಇಲ್ಲಮ್ಮ," ಎಂದ ರೆಕಾರ್ಡ್ ರೂಮಿನ ಗುಮಾಸ್ತ, ಮೂರನೇ ಸಲ ರಿಜಿಸ್ಟರ್ ತಿರುವಿ. "ಆ ವರ್ಷದ್ದು ಪೂರ್ತಿ ನೋಡ್ದೆ. ಬೇರೆ ಆಸ್ಪತ್ರೆ ಇರ್ಬೇಕು, ನೆನಪು ಮಾಡ್ಕೊಳ್ಳಿ."

ಆಸ್ಪತ್ರೆ ಇದೇ. ಆರು ವರ್ಷದ ಹಿಂದೆ ನನ್ನ ತಂಗಿಯನ್ನು ಇಲ್ಲಿಯೇ ಹದಿನೆಂಟು ದಿನ ಇಟ್ಟುಕೊಂಡಿದ್ದರು. ಬೇರೆಯಾಗಿದ್ದದ್ದು ಹೆಸರು. ಅದನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಅವಳನ್ನು ಸೇರಿಸುವಾಗ ಅಪ್ಪ ಕೌಂಟರಿನಲ್ಲಿ ನನ್ನ ಹೆಸರು ಬರೆಸಿದ್ದರು. ತಂಗಿಗೆ ಇನ್ನೂ ಮದುವೆಯಾಗಬೇಕಿತ್ತು, ಹುಚ್ಚಾಸ್ಪತ್ರೆಯ ಕಾಗದದಲ್ಲಿ ಅವಳ ಹೆಸರು ಬಿದ್ದರೆ ಗಂಡು ಸಿಗುವುದುಂಟೇ? ನನಗೆ ಆಗಲೇ ಮದುವೆಯಾಗಿತ್ತು, ಇನ್ನು ನನ್ನ ಹೆಸರು ಏನಾದರೇನು ಎಂಬುದು ಅಪ್ಪನ ಲೆಕ್ಕಾಚಾರ. ನಾನೂ ಹೂಂ ಎಂದೆ. ದೊಡ್ಡ ತ್ಯಾಗ ಮಾಡಿದೆನೆಂದು ಒಳಗೊಳಗೇ ಬೀಗಿದ್ದೆ ಕೂಡ. ಗಂಡು ಮಾತ್ರ ಸಿಗಲಿಲ್ಲ, ಆ ಮಾತು ಬೇರೆ.

ಈಗ ನಾಲ್ಕು ದಿನದಿಂದ ಅವಳು ಊಟ ಬಿಟ್ಟಿದ್ದಳು. ಇವತ್ತು ಬೆಳಿಗ್ಗೆ ಗೋಡೆ ನೋಡುತ್ತಲೇ, "ಸಾಕಾಗಿದೆ ಅಕ್ಕಾ, ನಾನು ಇರೋದು ಬೇಡ," ಎಂದಳು. ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಚಕ್ಕರ್ ಹೊಡೆದು, ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಗಾಬರಿಪಡಲಿಲ್ಲ. "ಈಗ ಅವರ ಹತ್ರ ಯಾರಿದ್ದಾರೆ? ಒಬ್ಬರನ್ನೇ ಬಿಡ್ಬೇಡಿ," ಎಂದು, ಹಗಲೂ ರಾತ್ರಿ ತೆರೆದಿರುವ ತುರ್ತು ಘಟಕವೊಂದರ ವಿಳಾಸ ಕೊಟ್ಟಳು. ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮನಿಗೆ ಹಿಂದಿನ ಔಷಧಿ ಯಾವುದೆಂದು ಗೊತ್ತಾಗಬೇಕಿತ್ತು. ಆಗ ಯಾವುದೋ ಒಂದಕ್ಕೆ ತಂಗಿಯ ಕುತ್ತಿಗೆ ಸೆಟೆದು ಹೊರಳಿತ್ತು. ಅದರ ಹೆಸರು ನಮಗ್ಯಾರಿಗೂ ನೆನಪಿಲ್ಲ. "ಹಳೇ ಫೈಲ್ ತಂದ್ಬಿಡಿ. ಗೊತ್ತಿಲ್ದೆ ಮತ್ತೆ ಅದನ್ನೇ ಕೊಟ್ರೆ ಕಷ್ಟ. ಅಲ್ಲೀವರೆಗೂ ನರ್ಸ್ ಇವರ ಪಕ್ಕದಲ್ಲೇ ಇರ್ತಾರೆ," ಎಂದರು.

ಗುಮಾಸ್ತ ರಿಜಿಸ್ಟರ್ ಮುಚ್ಚುತ್ತಿದ್ದ. ನಾನು ನನ್ನ ಹೆಸರು ಹೇಳಿದೆ. ಎರಡೇ ನಿಮಿಷದಲ್ಲಿ ಫೈಲು ಬಂತು.

"ಇದು ಯಾರದ್ದು?"

"ನನ್ನದು. ಅಂದ್ರೆ... ನನ್ನ ತಂಗಿಯದು."

ಅವನು ನನ್ನ ಗುರುತಿನ ಚೀಟಿ ನೋಡಿದ, ಫೈಲು ನೋಡಿದ, ನನ್ನ ಮುಖ ನೋಡಿದ. "ತಂಗಿಯದು ಅಂದ್ರೆ ಅವರ ಸಹಿ ಬೇಕು, ಅರ್ಜಿ ಬೇಕು, ಒಂದು ವಾರ ಹಿಡಿಯತ್ತೆ. ನಿಮ್ಮದೇ ಅಂದ್ರೆ ಈಗ್ಲೇ ನಕಲು ಕೊಡ್ತೀನಿ. ಇನ್ನೊಂದ್ಸಲ ಕೇಳ್ತೀನಿ, ಯೋಚ್ನೆ ಮಾಡಿ ಹೇಳಿ. ಯಾರದ್ದು?"

"ನನ್ನದು."

"ಹಾಗನ್ನಿ ಮತ್ತೆ. ಬೇಗ ಹುಷಾರಾಗಿ," ಎಂದ ಪುಣ್ಯಾತ್ಮ.

ಬಸ್ಸಿನಲ್ಲಿ ಕೂತು ಓದಿದೆ. ಮೂರನೇ ದಿನದ ಹಾಳೆಯಲ್ಲಿ ಹೀಗಿತ್ತು: ‘ರೋಗಿಗೆ ತನ್ನ ಹೆಸರೇ ಗೊತ್ತಿಲ್ಲ. ಬೇರೊಂದು ಹೆಸರು ಹೇಳಿ, ಅದೇ ತನ್ನದು, ಕಾಗದದಲ್ಲಿರುವುದು ಅಕ್ಕನದು ಎಂದು ಹಟ ಹಿಡಿಯುತ್ತಾಳೆ. ಭ್ರಮೆ. ಮನೆಯವರನ್ನು ಕೇಳಲಾಗಿ, ಕಾಗದದ ಹೆಸರೇ ಸರಿ ಎಂದರು. ಔಷಧಿ ಹೆಚ್ಚಿಸಿದೆ.’ ಐದನೇ ದಿನ ಮತ್ತೆ ಅದೇ ಹಟ, ಮತ್ತೆ ಹೆಚ್ಚಿಸಿದ್ದರು. ಏಳನೇ ದಿನ ಕುತ್ತಿಗೆ ಸೆಟೆದಿತ್ತು. ಒಂಬತ್ತನೇ ದಿನ: ‘ಇಂದು ಹೆಸರು ಸರಿಯಾಗಿ ಹೇಳಿದಳು. ಸುಧಾರಿಸುತ್ತಿದ್ದಾಳೆ.’

ಮನೆಯವರು ಎಂದರೆ ನಾನೇ. ಡಾಕ್ಟರು ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದು, ನಾನು ತಲೆಯಾಡಿಸಿದ್ದು ನೆನಪಿದೆ. ಅವಳ ಊಟದ ಖಾಲಿ ಡಬ್ಬಿ ಹಿಡಿದು ಬಸ್ಸಿಗೆ ಓಡುವ ಅವಸರ ನನಗೆ. ಈಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಸ್ಸೆಂಬುದನ್ನೂ ಮರೆತು ಅತ್ತೆ.

ತುರ್ತು ಘಟಕದಲ್ಲಿ ತಂಗಿ ಎದ್ದು ಕೂತಿದ್ದಳು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು, ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಕೇಳುತ್ತಿದ್ದರು: ಇವತ್ತು ಯಾವ ವಾರ, ಇದು ಯಾವ ಜಾಗ. ತಂಗಿ ಮೆಲ್ಲಗೆ, ಸರಿಯಾಗಿಯೇ ಹೇಳಿದಳು.

"ನಿಮ್ಮ ಹೆಸರು?"

ಅವಳು ತಡವರಿಸದೆ ನನ್ನ ಹೆಸರು ಹೇಳಿದಳು.

ಬೆಳಿಗ್ಗೆ ನಾನು ಬರೆಸಿದ್ದ ತಂಗಿಯ ನಿಜವಾದ ಹೆಸರನ್ನು ನೋಡಿ ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ನಾನು ಅಡ್ಡ ಬಾಯಿ ಹಾಕಿದೆ. "ಅದು ನನ್ನ ಹೆಸರು ಡಾಕ್ಟ್ರೇ. ಅವಳದ್ದು ಅಲ್ಲಿ ಬರೆದಿರೋದೇ. ತಪ್ಪು ನಮ್ಮದು, ಎಲ್ಲಾ ಹೇಳ್ತೀನಿ..."

ತಂಗಿ ನನ್ನ ಕೈ ಹಿಡಿದು ಜಗ್ಗಿದಳು.

"ಸುಮ್ನಿರು ಅಕ್ಕಾ," ಎಂದಳು, ನನಗಷ್ಟೇ ಕೇಳುವಂತೆ. "ಹಾಗೆ ಹೇಳಿದ್ರೆ ಔಷಧಿ ಜಾಸ್ತಿ ಕೊಡ್ತಾರೆ."