ಸಾಕು ಎನ್ನಲು ಬಂದವಳು

ಡ್ರೈವಿಂಗ್ ಟೀಚರಮ್ಮ ಹನ್ನೊಂದು ವರ್ಷದಿಂದ ಕೇಳಿ ಕೇಳಿ ರೋಸಿಹೋಗಿದ್ದ ಮಾತು ಒಂದೇ: "ನನ್ನ ದುಡ್ಡಿಲ್ದಿದ್ರೆ ನಿಮ್ಮಿಬ್ರ ಗತಿ ಏನಾಗ್ತಿತ್ತು?" ಪಕ್ಕದ ರಾಜ್ಯದಲ್ಲಿದ್ದ ಮಾಜಿ ಗಂಡ ಫೋನ್ ಮಾಡಿದಾಗಲೆಲ್ಲ ಇದನ್ನು ಹೇಳದೆ ಇಡುತ್ತಿರಲಿಲ್ಲ. ಮಗಳ ಖರ್ಚಿಗೆಂದು ಕೋರ್ಟು ಅವನ ಸಂಬಳದಲ್ಲಿ ಹಿಡಿಸುತ್ತಿದ್ದ ಹಣ ಅದು. ಈಗ ಮಗಳಿಗೆ ಹದಿನೆಂಟು ತುಂಬಿತ್ತು, ಪಾರ್ಸೆಲ್ ವ್ಯಾನ್ ಓಡಿಸುವ ಕೆಲಸವೂ ಸಿಕ್ಕಿತ್ತು.

"ಇನ್ನು ಆ ಮಾತು ಕೇಳೋ ಕರ್ಮ ನಂಗ್ಯಾಕೆ?" ಎಂದು ಟೀಚರಮ್ಮ ತನ್ನೂರಿನ ಕೋರ್ಟಿಗೆ ಹೋದಳು.

ಗುಮಾಸ್ತ ತಲೆ ಕೆರೆದುಕೊಂಡ. "ಆರ್ಡರ್ ಮಾಡಿದ್ದು ಆ ರಾಜ್ಯದ ಕೋರ್ಟಮ್ಮ. ಹಣ ಕೊಡೋರೂ ಇನ್ನೂ ಅಲ್ಲೇ ಇದಾರೆ. ನಿಲ್ಸೋದಾದ್ರೂ ಅಲ್ಲೇ ನಿಲ್ಸ್ಬೇಕು."

ಅವಳೇನು ಬಿಡುವವಳೇ! ಅಲ್ಲಿಗೇ ಅರ್ಜಿ ಹಾಕಿದಳು. ವಿಚಾರಣೆಯ ದಿನ ತಾಯಿ ಮಗಳು ಬೆಳಗ್ಗೆಯೇ ಡ್ರೈವಿಂಗ್ ಸ್ಕೂಲಿನ ಕಾರು ಹತ್ತಿದರು. ಆ ಕಾರಿನಲ್ಲಿ ಪಕ್ಕದ ಸೀಟಿನ ಕಾಲಡಿಗೂ ಒಂದು ಬ್ರೇಕು, ಕಲಿಸುವವರಿಗೆಂದು. ಸ್ಟೇರಿಂಗ್ ಮಗಳ ಕೈಯಲ್ಲಿ. ದೂರದಲ್ಲಿ ಲಾರಿ ಕಂಡರೂ ಸಾಕು, ಟೀಚರಮ್ಮ ತನ್ನ ಬ್ರೇಕ್ ಒತ್ತುವಳು.

"ಅಮ್ಮಾ, ಕಾಲು ತೆಗಿ!"

"ಅಭ್ಯಾಸ ಕಣೇ, ಏನ್ಮಾಡ್ಲಿ?"

ಕೋರ್ಟಿನಲ್ಲಿ ಮಾಜಿ ಗಂಡ ತೋಳು ಮಡಿಸಿಕೊಂಡು ಸಿದ್ಧನಾಗಿ ನಿಂತಿದ್ದ. ನೋಟಿಸಿನ ಮೇಲೆ ಅವಳ ಹೆಸರು ಕಂಡಿದ್ದೇ ತಡ, ಹಣ ಹೆಚ್ಚಿಸಲು ಕೇಳಿದ್ದಾಳೆಂದು ತಾನೇ ತೀರ್ಮಾನ ಮಾಡಿಕೊಂಡು, ಒಳಗಿನದನ್ನು ಓದುವ ಗೋಜಿಗೇ ಹೋಗಿರಲಿಲ್ಲ.

"ಸ್ವಾಮಿ, ಒಂದು ಪೈಸಾನೂ ಜಾಸ್ತಿ ಕೊಡಕ್ಕಾಗಲ್ಲ!" ಎಂದು ಶುರು ಹಚ್ಚಿಕೊಂಡ. "ಇವಳ ಆಸೆಗೆ ಕೊನೇನೇ ಇಲ್ಲ."

"ಅರ್ಜಿ ಓದಿದ್ರಾ?" ಎಂದರು ಜಡ್ಜು.

"ಓದೋದೇನಿದೆ ಸ್ವಾಮಿ? ಇವಳು ನಂಗೊತ್ತಿಲ್ವಾ!"

"ಈಗ ಓದಿ. ಎಲ್ಲರಿಗೂ ಕೇಳ್ಬೇಕು."

ಅವನು ಓದಿದ. "ಮಗಳು ಈಗ ಸ್ವತಃ ದುಡಿಯುತ್ತಿರುವುದರಿಂದ, ತಂದೆಯಿಂದ ಬರುವ ಹಣವನ್ನು ಇನ್ನು ನಿಲ್ಲಿಸಬೇಕೆಂದು ತಾಯಿಯ ಕೋರಿಕೆ..." ಅಷ್ಟಕ್ಕೇ ನಿಲ್ಲಿಸಿ, ಮೇಲಿದ್ದ ಹೆಸರನ್ನು ಇನ್ನೊಮ್ಮೆ ನೋಡಿದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಿಜವಾಗ್ಲೂ ಬೇಡ್ವೇನಮ್ಮ?" ಎಂದು ಜಡ್ಜು ಟೀಚರಮ್ಮನನ್ನು ಕೇಳಿದರು.

"ಬೇಡ ಸ್ವಾಮಿ. ಅಪ್ಪ ಆದ್ಮೇಲೆ ಕೊಡ್ಬೇಕಿತ್ತು, ಕೊಟ್ಟಿದಾರೆ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ಭಿಕ್ಷೆ ಅಂತ ಇನ್ನೊಂದ್ಸಲ ಅನ್ನಿಸ್ಕೊಳ್ಳಲ್ಲ."

ಹಣ ನಿಲ್ಲಿಸುವ ಆದೇಶದ ಮೇಲೆ ಮುದ್ರೆ ಬಿತ್ತು. ಟೀಚರಮ್ಮನಿಗೆ ಅಲ್ಲೇ ಕುಣಿಯಬೇಕೆನಿಸುವಷ್ಟು ಖುಷಿಯಾಯಿತು.

ಹೊರಗೆ ಮಾಜಿ ಗಂಡ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. ಮಗಳೇ ಕರೆದಳು: "ಹತ್ತಪ್ಪ, ಬಸ್ ಸ್ಟ್ಯಾಂಡ್ ತನಕ ಬಿಡ್ತೀನಿ."

ಟೀಚರಮ್ಮ ಅವನಿಗೆ ಮುಂದಿನ ಸೀಟು ಬಿಟ್ಟುಕೊಟ್ಟು ಹಿಂದೆ ಕೂತಳು. ಮೊದಲ ತಿರುವಿನಲ್ಲೇ ಅವನ ಕಾಲು ಹೆದರಿ ಬ್ರೇಕಿನ ಮೇಲೆ ಹೋಯಿತು.

"ಅಪ್ಪಾ, ಕಾಲು ತೆಗಿ! ನಾನು ಓಡಿಸ್ತೀನಿ."

ಅವನು ಕಾಲು ತೆಗೆದ. ಸಂತೆಬೀದಿಯ ಇಕ್ಕಟ್ಟಿನಲ್ಲಿ ಮಗಳು ಎಲ್ಲೂ ತಾಗಿಸದೆ ಕಾರು ದಾಟಿಸಿದ್ದನ್ನು ನೋಡಿ, ಹಿಂದೆ ತಿರುಗಿ ಮೆಲ್ಲಗೆ ಕೇಳಿದ, "ಇಷ್ಟು ಚೆನ್ನಾಗಿ... ನೀನೇ ಕಲ್ಸಿದ್ದಾ?"

"ಮತ್ತಿನ್ಯಾರು?" ಎಂದಳು ಟೀಚರಮ್ಮ, ಹಿಂದಿನ ಸೀಟಿನಲ್ಲಿ ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿಕೊಳ್ಳುತ್ತ.